ಮೊದಲ ಪಂದ್ಯ, ಎದುರಿಗೆ ಬಲಿಷ್ಠ ತಂಡ: ಬಿಎಫ್‌ಸಿ ಅಭಿಮಾನಿ ಲೆಕ್ಕ ಹಾಕುವುದು ಹೇಗೆ?

2018ರ ಸೆಪ್ಟೆಂಬರ್ 30ರಂದು ಕಂಠೀರವ ಕ್ರೀಡಾಂಗಣಕ್ಕೆ ಬಂದ ಚೆನ್ನೈಯಿನ್ ಎಫ್‌ಸಿ ಹಾಲಿ ಚಾಂಪಿಯನ್. ಅದೇ ವರ್ಷ ಮಾರ್ಚ್ 17ರಂದು, ಇದೇ ಮೈದಾನದಲ್ಲಿ ನಡೆದ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫುಟ್‌ಬಾಲ್ ಫೈನಲ್‌ನಲ್ಲಿ ಬೆಂಗಳೂರು ಎಫ್‌ಸಿಯನ್ನು (ಬಿಎಫ್‌ಸಿ) 3-2ರಿಂದ ಸೋಲಿಸಿ ಕಪ್ ಒಯ್ದಿದ್ದ ತಂಡ ಅದು. ಋತುವಿನ ಮೊದಲ ಪಂದ್ಯದಲ್ಲೇ ಇಂಥವರು ಎದುರಾದರೆ ಯಾವ ಅಭಿಮಾನಿಗಾದರೂ ಎದೆ ಢವಢವ ಅನ್ನುವುದು ಸಹಜ. ಪಂದ್ಯ ನಡೆಯಿತು, 41ನೇ ನಿಮಿಷದಲ್ಲಿ ಮಿಕು ಹೊಡೆದ ಗೋಲಿನಿಂದ ಬಿಎಫ್‌ಸಿ 1-0 ಅಂತರದಲ್ಲಿ ಗೆದ್ದಿತು. ಲೀಗ್ ಹಂತ ಮುಗಿಯುವ ಹೊತ್ತಿಗೆ ಬಿಎಫ್‌ಸಿ 34 ಅಂಕಗಳೊಂದಿಗೆ ಪಟ್ಟಿಯ ಮೇಲ್ತುದಿಯಲ್ಲಿತ್ತು. ಚೆನ್ನೈಯಿನ್ 18 ಪಂದ್ಯಗಳಲ್ಲಿ ಗಳಿಸಿದ್ದು 9 ಅಂಕ, ಹತ್ತು ತಂಡಗಳಲ್ಲಿ ಹತ್ತನೆಯ ಸ್ಥಾನ.

ಮೊದಲ ಪಂದ್ಯಕ್ಕೆ ಮುಂಚೆ ನಾವು 'ಬಲಿಷ್ಠ' ಎನ್ನುವುದು ಹಳೆಯ ವರ್ಷದ ಮಾರ್ಕ್ಸ್ ಕಾರ್ಡ್ ನೋಡಿ. ಹೊಸ ವರ್ಷದ ಪರೀಕ್ಷೆಯ ಪ್ರಶ್ನೆಗಳೇ ಬೇರೆ. ಯಾರ ಕಾಲಲ್ಲಿ ತೊಂಬತ್ತು ನಿಮಿಷದ ಕಸುವಿದೆ, ಯಾರಿಗೆ ಪಕ್ಕದವನ ಓಟ ಕಣ್ಣು ಮುಚ್ಚಿದರೂ ಗೊತ್ತು, ಕಾರ್ನರ್ ಮತ್ತು ಫ್ರೀ ಕಿಕ್‌ಗಳ ಅಭ್ಯಾಸ ಯಾರು ಮಾಡಿಕೊಂಡು ಬಂದಿದ್ದಾರೆ. ಈ ಮೂರಕ್ಕೂ ಉತ್ತರ ಪಂದ್ಯಕ್ಕೆ ಮೊದಲೇ ಬಹುಪಾಲು ಸಿಗುತ್ತದೆ. ಎಲ್ಲಿ ಹುಡುಕಬೇಕು ಎಂದು ತಿಳಿದಿರಬೇಕು, ಅಷ್ಟೇ.

ಕಾಲಿನ ಕಸುವು

ಋತುಪೂರ್ವ ತಯಾರಿ ಸಾಮಾನ್ಯವಾಗಿ ಐದಾರು ವಾರ. ಆಟಗಾರನನ್ನು ಮೊದಲ ಅಭ್ಯಾಸ ಪಂದ್ಯದಲ್ಲಿ 45 ನಿಮಿಷ, ಆಮೇಲೆ 60, ಆಮೇಲೆ 75, ಕೊನೆಗೆ 90 ಹೀಗೆ ಏರಿಸುತ್ತಾರೆ. ಈ ಏಣಿಯಲ್ಲಿ ಒಂದು ಮೆಟ್ಟಿಲು ತಪ್ಪಿದವನು ಲೀಗ್‌ನ ಮೊದಲ ಪಂದ್ಯದಲ್ಲಿ 65ನೇ ನಿಮಿಷದ ಸುಮಾರಿಗೆ ನಿಧಾನವಾಗುತ್ತಾನೆ. ಓಡುವುದನ್ನು ಪೂರ್ತಿ ನಿಲ್ಲಿಸುವುದಿಲ್ಲ. ಚೆಂಡು ಕಳೆದುಕೊಂಡ ಮೇಲೆ ಹಿಂದಕ್ಕೆ ಓಡುವ ಮೊದಲ ಮೂರು ಹೆಜ್ಜೆ ತಡವಾಗುತ್ತದೆ. ಅಲ್ಲಿಂದಲೇ ಎದುರಾಳಿಯ ಪ್ರತಿದಾಳಿ ಹುಟ್ಟುವುದು.

ಆದ್ದರಿಂದ ಅಭ್ಯಾಸ ಪಂದ್ಯಗಳ ಸ್ಕೋರಿಗೆ ತಲೆ ಕೆಡಿಸಿಕೊಳ್ಳಬೇಡಿ. ವಿರಾಮಕ್ಕೆ ಹನ್ನೊಂದಕ್ಕೆ ಹನ್ನೊಂದು ಮಂದಿಯನ್ನೂ ಬದಲಿಸುವ ಪಂದ್ಯದ ಸ್ಕೋರು ಏನನ್ನೂ ಹೇಳುವುದಿಲ್ಲ. ಎಣಿಸಬೇಕಾದದ್ದು ನಿಮಿಷಗಳನ್ನು. ಭಾರತದಲ್ಲಿ ಇದಕ್ಕೆ ಒಳ್ಳೆಯ ದಾರಿ ಲೀಗ್‌ಗೆ ಮುಂಚೆ ನಡೆಯುವ ಡ್ಯುರಾಂಡ್ ಕಪ್ ಟೂರ್ನಿ. ತಂಡದ ಪಟ್ಟಿ, ಬದಲಿ ಆಟಗಾರರು ಬಂದ ಸಮಯ ಎಲ್ಲವೂ ಬಹಿರಂಗವಾಗಿ ಸಿಗುತ್ತವೆ. ಕೊನೆಯ ಮೂರು ಪಂದ್ಯಗಳ 270 ನಿಮಿಷಗಳಲ್ಲಿ ಆಟಗಾರ ಎಷ್ಟು ಆಡಿದ್ದಾನೆ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. 180ಕ್ಕಿಂತ ಕಡಿಮೆ ಇದ್ದರೆ ಅವನನ್ನು ಪೂರ್ತಿ ಪಂದ್ಯದ ಲೆಕ್ಕಕ್ಕೆ ಹಿಡಿಯದಿರುವುದು ಲೇಸು. ಇದು ಕೈಲೆಕ್ಕ, ವಿಜ್ಞಾನದ ನಿಯಮವಲ್ಲ; ಆದರೂ ಹೆಸರು ನೋಡಿ ಊಹಿಸುವುದಕ್ಕಿಂತ ಎಷ್ಟೋ ಮೇಲು.

2024ರದ್ದು ಇದಕ್ಕೆ ಸೊಗಸಾದ ಉದಾಹರಣೆ. ಆಗಸ್ಟ್ 27ರಂದು ಕೋಲ್ಕತ್ತದಲ್ಲಿ ನಡೆದ ಡ್ಯುರಾಂಡ್ ಸೆಮಿಫೈನಲ್‌ನಲ್ಲಿ ಮೋಹನ್ ಬಗಾನ್ ವಿರುದ್ಧ ಬಿಎಫ್‌ಸಿ 2-0 ಮುಂದಿತ್ತು. ಎರಡನೆಯ ಗೋಲು ಹೊಡೆದವನು ನಮ್ಮದೇ ಅಕಾಡೆಮಿಯಲ್ಲಿ ಬೆಳೆದ ವಿನೀತ್ ವೆಂಕಟೇಶ್. ಆ ಪಂದ್ಯ 2-2 ಆಗಿ ಪೆನಾಲ್ಟಿಯಲ್ಲಿ ಕೈತಪ್ಪಿತು. ಹದಿನೆಂಟು ದಿನ ಕಳೆದು, ಸೆಪ್ಟೆಂಬರ್ 14ರಂದು ಕಂಠೀರವದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ ಲೀಗ್‌ನ ಮೊದಲ ಪಂದ್ಯ. 25ನೇ ನಿಮಿಷದಲ್ಲಿ ಅದೇ ವಿನೀತ್ ಗೋಲು ಹೊಡೆದ, ಬಿಎಫ್‌ಸಿ 1-0 ಗೆದ್ದಿತು. ಹತ್ತೊಂಬತ್ತರ ಹುಡುಗ ಎಲ್ಲಿಂದ ಬಂದ ಎಂದು ಹಲವರು ಕೇಳಿದರು. ಡ್ಯುರಾಂಡ್‌ನ ಪಟ್ಟಿ ನೋಡಿಟ್ಟವರಿಗೆ ಅವನು ಅಚ್ಚರಿಯಾಗಿರಲಿಲ್ಲ.

ನಿಮಿಷಗಳ ಜೊತೆಗೆ ಕ್ಯಾಲೆಂಡರನ್ನೂ ನೋಡಬೇಕು. 2025ರವರೆಗೆ ಸೆಪ್ಟೆಂಬರ್ ಮೊದಲ ವಾರದಲ್ಲಿ ರಾಷ್ಟ್ರೀಯ ತಂಡಗಳ ಪಂದ್ಯಗಳಿರುತ್ತಿದ್ದವು. 2024ರಲ್ಲಿ ಹೈದರಾಬಾದಿನ ಇಂಟರ್‌ಕಾಂಟಿನೆಂಟಲ್ ಕಪ್ ಮುಗಿದದ್ದು ಸೆಪ್ಟೆಂಬರ್ 9ಕ್ಕೆ. ಬಿಎಫ್‌ಸಿಯ ಲೀಗ್ ಪಂದ್ಯ 14ಕ್ಕೆ. ನಡುವೆ ಸಿಕ್ಕ ನಾಲ್ಕು ದಿನಗಳಲ್ಲಿ ಒಂದು ಪ್ರಯಾಣಕ್ಕೆ, ಒಂದು ದಣಿವು ಇಳಿಸಲು. ಪೂರ್ಣ ಅಭ್ಯಾಸಕ್ಕೆ ಉಳಿಯುವುದು ಎರಡೇ. 2023ರಲ್ಲಿ ಪೆಟ್ಟು ಇನ್ನೂ ಜೋರಾಗಿತ್ತು. ಸೆಪ್ಟೆಂಬರ್ 21ರಂದು ಕೊಚ್ಚಿಯಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಋತುವಿನ ಮೊದಲ ಪಂದ್ಯ ಇಟ್ಟಿದ್ದರು. ಅದೇ ದಿನ ಬಿಎಫ್‌ಸಿಯ ಸ್ಟ್ರೈಕರ್ ಸುನಿಲ್ ಛೆಟ್ರಿ ಚೀನಾದ ಹಾಂಗ್‌ಝೌನಲ್ಲಿ ಏಷ್ಯನ್ ಗೇಮ್ಸ್ ಆಡುತ್ತಿದ್ದರು. ಬಾಂಗ್ಲಾದೇಶದ ವಿರುದ್ಧ ಪೆನಾಲ್ಟಿಯಲ್ಲಿ ಗೋಲು ಹೊಡೆದು ಭಾರತವನ್ನು ಗೆಲ್ಲಿಸಿದರು. ಕೊಚ್ಚಿಯಲ್ಲಿ ಬಿಎಫ್‌ಸಿ 1-2ರಿಂದ ಸೋತಿತು. ಎಂಟು ಐಎಸ್‌ಎಲ್ ಋತುಗಳ (2017-18ರಿಂದ 2024-25ರವರೆಗೆ) ಮೊದಲ ಪಂದ್ಯಗಳಲ್ಲಿ ಬಿಎಫ್‌ಸಿ ಐದು ಗೆದ್ದಿದೆ, ಎರಡು ಡ್ರಾ, ಸೋತದ್ದು ಇದೊಂದೇ.

ಒಬ್ಬರಿಗೊಬ್ಬರ ಪರಿಚಯ

ಹೊಸ ಕೋಚ್, ಹೊಸ ಸೆಂಟರ್ ಬ್ಯಾಕ್ ಜೋಡಿ (ಹಿಂದಿನ ಸಾಲಿನ ನಡುವೆ ನಿಲ್ಲುವ ಇಬ್ಬರು), ಹೊಸ ಗೋಲ್‌ಕೀಪರ್: ಈ ಮೂರರಲ್ಲಿ ಎರಡು ಇದ್ದರೆ ಎಂಥ ದೊಡ್ಡ ತಂಡವಾದರೂ ಮೊದಲ ನಾಲ್ಕೈದು ಪಂದ್ಯಗಳಲ್ಲಿ ಸಂದು ಬಿಡುತ್ತದೆ. ಮುಂದಾಳುಗಳ ಸಾಲು ಹೊಸದಾದರೆ ಗೋಲು ಕಡಿಮೆ ಬರುತ್ತವೆ, ಅಷ್ಟೇ. ಹಿಂದಿನ ಸಾಲು ಹೊಸದಾದರೆ ಗೋಲು ಬಿಟ್ಟುಕೊಡುತ್ತದೆ. ಕಾರಣ ಸರಳ: ದಾಳಿಯಲ್ಲಿ ಒಬ್ಬನ ಜಾಣ್ಮೆ ಸಾಕಾಗಬಹುದು, ರಕ್ಷಣೆಯಲ್ಲಿ ನಾಲ್ವರೂ ಒಂದೇ ಕ್ಷಣಕ್ಕೆ ಮುಂದೆ ಸರಿಯಬೇಕು, ಒಂದೇ ಕ್ಷಣಕ್ಕೆ ಹಿಂದೆ ಬರಬೇಕು. ಒಬ್ಬ ಅರ್ಧ ಸೆಕೆಂಡು ಹಿಂದೆ ಉಳಿದರೂ ಆಫ್‌ಸೈಡ್ ಗೆರೆ ಮುರಿಯುತ್ತದೆ.

2024ರ ಮೋಹನ್ ಬಗಾನ್ ಅನ್ನೇ ನೋಡಿ. ಕೋಚ್ ಹೋಸೆ ಮೊಲಿನಾ ಹೊಸಬರು. ಆಲ್ಬರ್ಟೊ ರೊಡ್ರಿಗೆಸ್, ಟಾಮ್ ಆಲ್ಡ್ರೆಡ್ ಎಂಬ ಸೆಂಟರ್ ಬ್ಯಾಕ್ ಜೋಡಿಯೂ ಹೊಸದು. ಆಗಸ್ಟ್ 31ರ ಡ್ಯುರಾಂಡ್ ಫೈನಲ್‌ನಲ್ಲಿ ನಾರ್ತ್‌ಈಸ್ಟ್ ಯುನೈಟೆಡ್ ವಿರುದ್ಧ 2-0 ಮುಂದಿದ್ದು 2-2 ಆಗಿ ಪೆನಾಲ್ಟಿಯಲ್ಲಿ ಸೋತರು. ಸೆಪ್ಟೆಂಬರ್ 13ರ ಲೀಗ್ ಉದ್ಘಾಟನಾ ಪಂದ್ಯದಲ್ಲಿ ಮುಂಬೈ ಸಿಟಿ ವಿರುದ್ಧ ಮತ್ತೆ 2-0 ಮುಂದಿದ್ದು, 90ನೇ ನಿಮಿಷದಲ್ಲಿ ಗೋಲು ಬಿಟ್ಟು 2-2 ಡ್ರಾ. ಎರಡು ವಾರದಲ್ಲಿ ಎರಡು ಸಲ ಎರಡು ಗೋಲಿನ ಮುನ್ನಡೆ ಕಳೆದುಕೊಂಡ ತಂಡದ ಹಿಂದಿನ ಸಾಲು ಇನ್ನೂ ಕೂಡಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಸೂಚನೆ ಬೇಕೆ? ಸೆಪ್ಟೆಂಬರ್ 28ರಂದು ಕಂಠೀರವದಲ್ಲಿ ಬಿಎಫ್‌ಸಿ ಅವರನ್ನು 3-0 ಸೋಲಿಸಿತು. ಎಡ್ಗರ್ ಮೆಂಡೆಸ್ 9ನೇ ನಿಮಿಷದಲ್ಲಿ, ಸುರೇಶ್ ವಾಂಗ್ಜಮ್ 20ನೇ ನಿಮಿಷದಲ್ಲಿ, ವಿರಾಮದ ಬಳಿಕ ಛೆಟ್ರಿ ಪೆನಾಲ್ಟಿಯಲ್ಲಿ.

ಇದರ ಇನ್ನೊಂದು ಮಗ್ಗುಲನ್ನೂ ಹೇಳಲೇಬೇಕು. ಅದೇ ಮೋಹನ್ ಬಗಾನ್ 56 ಅಂಕಗಳೊಂದಿಗೆ ಲೀಗ್ ಹಂತದ ಮೊದಲ ಸ್ಥಾನಕ್ಕೆ ಕೊಡುವ ಲೀಗ್ ಶೀಲ್ಡ್ ಗೆದ್ದಿತು. 2025ರ ಏಪ್ರಿಲ್ 12ರ ಫೈನಲ್‌ನಲ್ಲಿ ಹೆಚ್ಚುವರಿ ಸಮಯದಲ್ಲಿ ಬಿಎಫ್‌ಸಿಯನ್ನೇ 2-1ರಿಂದ ಮಣಿಸಿ ಕಪ್ಪನ್ನೂ ಎತ್ತಿತು. ಚೆನ್ನೈಯಿನ್ ವಿಷಯದಲ್ಲಿ 'ಬಲಿಷ್ಠ' ಎಂಬ ಮಾತೇ ಹಳಸಿತ್ತು. ಬಗಾನ್ ವಿಷಯದಲ್ಲಿ ಮಾತು ನಿಜ, ಆದರೆ ಆ ಬಲ ಇನ್ನೂ ಕೂಡಿಬಂದಿರಲಿಲ್ಲ. ಎದುರಾಳಿ ಈ ಎರಡರಲ್ಲಿ ಯಾವ ಬಗೆಯವರು ಎಂದು ಗುರುತಿಸುವುದೇ ಮುನ್ನೋಟದ ಮುಖ್ಯ ಕೆಲಸ.

ಬಿಎಫ್‌ಸಿ ಕಡೆಯಿಂದ 2018ರಲ್ಲಿ ಕೆಲಸ ಮಾಡಿದ್ದು ಇದೇ ಪರಿಚಯ. ಕೋಚ್ ಆಲ್ಬರ್ಟ್ ರೋಕಾ ಹೋದ ಮೇಲೆ ಹೊಣೆ ಹೊತ್ತ ಕಾರ್ಲೆಸ್ ಕ್ವಾಡ್ರಾಟ್ ಅವರ ಸಹಾಯಕರೇ ಆಗಿದ್ದವರು. ಆಟದ ಭಾಷೆ ಬದಲಾಗಲಿಲ್ಲ. ಮೇಲಾಗಿ ಆಗಸ್ಟ್‌ನಲ್ಲೇ ತುರ್ಕಮೆನಿಸ್ತಾನದ ಆಲ್ಟಿನ್ ಅಸೈರ್ ವಿರುದ್ಧ, ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್‌ನ ಎರಡು ನಿಜವಾದ ಪಂದ್ಯಗಳನ್ನು ತಂಡ ಆಡಿ ಮುಗಿಸಿತ್ತು. ಅದರಲ್ಲಿ ಸೋತು ಹೊರಬಿದ್ದರು, ನಿಜ. ಆದರೆ ಸೆಪ್ಟೆಂಬರ್ ಕೊನೆಗೆ ಕಾಲುಗಳು ಬಿಸಿಯಾಗಿದ್ದವು.

ಪ್ರೆಸ್ಸಿಂಗ್: ಧೈರ್ಯ ಎಷ್ಟು, ಎಲ್ಲಿಯವರೆಗೆ

ಬಲಿಷ್ಠ ತಂಡದ ಮೇಲೆ ಮೇಲೇರಿ ಒತ್ತಡ ಹಾಕಬೇಕೋ, ಹಿಂದೆ ಕೂತು ಕಾಯಬೇಕೋ? ಈ ವಾದಕ್ಕೆ ಒಂದು ಅಳತೆಗೋಲಿದೆ, ಪಿಪಿಡಿಎ. ಎದುರಾಳಿ ತನ್ನ ಗೋಲಿನಿಂದ ಮೈದಾನದ ಶೇ 60 ಭಾಗದವರೆಗೆ ಮಾಡಿದ ಪಾಸುಗಳನ್ನು, ಅದೇ ಜಾಗದಲ್ಲಿ ನಾವು ಮಾಡಿದ ಟ್ಯಾಕಲ್, ಚೆಂಡು ಕಸಿಯುವಿಕೆ, ಫೌಲ್‌ಗಳ ಮೊತ್ತದಿಂದ ಭಾಗಿಸಬೇಕು. ಅವರು 180 ಪಾಸು ಮಾಡಿ ನಾವು 15 ಸಲ ತಡೆದಿದ್ದರೆ 180 ಭಾಗ 15, ಅಂದರೆ 12. ಸಂಖ್ಯೆ ಇಳಿದಷ್ಟೂ ಒತ್ತಡ ಹೆಚ್ಚು. 10ಕ್ಕಿಂತ ಕೆಳಗಿದ್ದರೆ ಜೋರು ಪ್ರೆಸ್ಸಿಂಗ್, 15 ದಾಟಿದರೆ ತಂಡ ಕಾದು ಕೂತಿದೆ ಎಂದರ್ಥ.

ಮೊದಲ ಪಂದ್ಯದಲ್ಲಿ ಜೋರು ಪ್ರೆಸ್ಸಿಂಗ್‌ಗೆ ಎರಡು ಅಪಾಯ. ಸ್ಟ್ರೈಕರ್ ಓಡಿದ ಕ್ಷಣಕ್ಕೇ ಅವನ ಹಿಂದಿನ ಮಿಡ್‌ಫೀಲ್ಡರ್ ಮುಂದೆ ಬರಬೇಕು. ಬಾರದಿದ್ದರೆ ನಡುವೆ ಇಪ್ಪತ್ತು ಮೀಟರ್ ಬಯಲು ಬೀಳುತ್ತದೆ, ಒಳ್ಳೆಯ ತಂಡ ಒಂದೇ ಪಾಸಿನಲ್ಲಿ ಅದನ್ನು ದಾಟುತ್ತದೆ. ಎರಡನೆಯದು, ಇದೇ ಓಟವನ್ನು ತೊಂಬತ್ತು ನಿಮಿಷ ಮಾಡುವ ದೇಹ ಆಗಿನ್ನೂ ತಯಾರಾಗಿರುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಸರಿಯಾದ ದಾರಿ, ಮೊದಲ ಇಪ್ಪತ್ತು ನಿಮಿಷ ಮೇಲೇರಿ ಒತ್ತಿ, ಆಮೇಲೆ ಮಧ್ಯದ ಗೆರೆಯ ಹಿಂದೆ ಎರಡು ಸಾಲು ಕಟ್ಟಿ, ಆಯ್ದ ಗಳಿಗೆಯಲ್ಲಿ ಮಾತ್ರ ಎರಗುವುದು. ಎದುರಾಳಿ ಹಿಂದಕ್ಕೆ ಪಾಸು ಮಾಡಿದಾಗ, ಅವನ ಮೊದಲ ಸ್ಪರ್ಶ ದೂರ ಹಾರಿದಾಗ, ತನ್ನದೇ ಗೋಲಿಗೆ ಮುಖ ಮಾಡಿ ಚೆಂಡು ಹಿಡಿದಾಗ. ಸಾಲುಗಳ ನಡುವಿನ ಅಂತರ 10ರಿಂದ 12 ಮೀಟರ್ ದಾಟಬಾರದು. ದಾಟಿತೋ, ಸ್ಟ್ರೈಕರ್ ಹಿಂದೆ ಆಡುವ ಅವರ ಹತ್ತನೆಯ ನಂಬರಿನವನು ಅಲ್ಲೇ ಬಂದು ನಿಲ್ಲುತ್ತಾನೆ.

ನಿಂತ ಚೆಂಡು

ಮೊದಲ ಪಂದ್ಯದಲ್ಲಿ ಅತಿ ಹೆಚ್ಚು ಗಮನ ಕೊಡಬೇಕಾದದ್ದು ಇದಕ್ಕೆ. ಹರಿಯುವ ಆಟ ಕೂಡಿಬರಲು ತಿಂಗಳುಗಳು ಬೇಕು. ಒಂದು ಕಾರ್ನರ್ ತಂತ್ರವನ್ನು ಒಂದು ವಾರದಲ್ಲಿ ಕಲಿಸಬಹುದು. ಅದಕ್ಕೇ ಕಡಿಮೆ ಬಲದ ತಂಡಕ್ಕೆ ಇದು ವರ.

2018ರ ಫೈನಲ್ ಬಿಎಫ್‌ಸಿ ಕೈಯಿಂದ ಜಾರಿದ್ದು ಇಲ್ಲೇ. 9ನೇ ನಿಮಿಷದಲ್ಲಿ ಛೆಟ್ರಿ ಗೋಲಿನಿಂದ ಮುಂದಿದ್ದ ತಂಡ, ವಿರಾಮದೊಳಗೆ ಎರಡು ಕಾರ್ನರ್‌ಗಳಲ್ಲಿ ಎರಡು ಗೋಲು ಬಿಟ್ಟಿತು. ಎರಡನ್ನೂ ತಲೆಯಿಂದ ಹೊಡೆದದ್ದು ಮೈಲ್ಸನ್ ಆಲ್ವೆಸ್. 2023ರ ಕೊಚ್ಚಿಯಲ್ಲೂ ಮೊದಲ ಗೋಲು ಕಾರ್ನರ್‌ನದೇ. 52ನೇ ನಿಮಿಷದಲ್ಲಿ ಆಡ್ರಿಯನ್ ಲೂನಾ ಒದ್ದ ಚೆಂಡು ಕೆಜಿಯಾ ವೀನ್‌ಡಾರ್ಪ್ ತಲೆಗೆ ತಾಗಿ ನಮ್ಮದೇ ಬಲೆ ಸೇರಿತು. ಎರಡನೆಯದು ಗೋಲ್‌ಕೀಪರ್ ಗುರ್‌ಪ್ರೀತ್ ಅವರ ತಪ್ಪಿನಿಂದ ಬಂತು, 69ನೇ ನಿಮಿಷದಲ್ಲಿ. ಹೊಡೆದವರು ಮತ್ತೆ ಲೂನಾ. ನಮಗೆ ಒದಗಿದ ಉದಾಹರಣೆಯೂ ಉಂಟು. 2020ರ ನವೆಂಬರ್ 22ರಂದು ಫತೋರ್ಡಾದಲ್ಲಿ ಎಫ್‌ಸಿ ಗೋವಾ ವಿರುದ್ಧದ ಮೊದಲ ಪಂದ್ಯದಲ್ಲಿ ಹರ್ಮನ್‌ಜೋತ್ ಖಾಬ್ರಾ ಅವರ ಉದ್ದನೆಯ ಥ್ರೋದಿಂದ ಕ್ಲೈಟನ್ ಸಿಲ್ವಾ ತಲೆಯಲ್ಲಿ ಗೋಲು ಹೊಡೆದರು. ಬಿಎಫ್‌ಸಿ 2-0 ತನಕ ಹೋಗಿ, 66 ಮತ್ತು 69ನೇ ನಿಮಿಷಗಳಲ್ಲಿ ಇಗೊರ್ ಅಂಗುಲೊಗೆ ಎರಡು ಗೋಲು ಬಿಟ್ಟು 2-2ಕ್ಕೆ ಇಳಿಯಿತು. ಕಾಲಿನ ಕಸುವಿನ ಬಗ್ಗೆ ಮೇಲೆ ಹೇಳಿದ 65ನೇ ನಿಮಿಷ ನೆನಪಿಸಿಕೊಳ್ಳಿ.

ಲೆಕ್ಕದಲ್ಲಿ ನೂರು ಕಾರ್ನರ್‌ಗೆ ಮೂರು-ನಾಲ್ಕು ಗೋಲು ಬರುತ್ತವೆ. ಕಡಿಮೆ ಅನ್ನಿಸಬಹುದು. ಆದರೆ ಆರು ಕಾರ್ನರ್ ಸಿಕ್ಕರೆ ಸುಮಾರು ಐದರಲ್ಲಿ ಒಂದು ಪಾಲು ಗೋಲಿನ ಸಾಧ್ಯತೆ ಬಂದಂತೆ. 1-0ಯಲ್ಲಿ ಮುಗಿಯುವ ಪಂದ್ಯದಲ್ಲಿ ಅದು ದೊಡ್ಡ ಪಾಲು.

ಕಾರ್ನರ್ ತಡೆಯಲು ಎರಡು ವಿಧಾನ. ಜಾಗ ಕಾಯುವ ವಿಧಾನದಲ್ಲಿ ಐದಾರು ಮಂದಿ ಗೋಲಿನಿಂದ ಐದೂವರೆ ಮೀಟರ್ ದೂರದ ಚಿಕ್ಕ ಪೆಟ್ಟಿಗೆಯ ಗೆರೆಯುದ್ದಕ್ಕೂ ನಿಲ್ಲುತ್ತಾರೆ. ಇಬ್ಬರು ಮೂವರು ಮುಂದೆ ನಿಂತು ಓಡಿಬರುವವರನ್ನು ತಡೆಯುತ್ತಾರೆ. ಇದರ ದೋಷ, ನಮ್ಮವರು ನಿಂತಲ್ಲಿಂದ ಜಿಗಿಯಬೇಕು, ಎದುರಾಳಿ ಓಡಿ ಬಂದು ಜಿಗಿಯುತ್ತಾನೆ. ಆಳು ಕಾಯುವ ವಿಧಾನದಲ್ಲಿ ಒಬ್ಬರಿಗೊಬ್ಬರು. ಇದರ ದೋಷ, ಎದುರಾಳಿಗಳು ಒಬ್ಬರ ದಾರಿಗೆ ಇನ್ನೊಬ್ಬರು ಅಡ್ಡ ನಿಂತು ಕಾವಲಿನವನನ್ನು ಕಳಚಿಕೊಳ್ಳುತ್ತಾರೆ. ಹೊಸ ಡಿಫೆಂಡರುಗಳಿರುವ ತಂಡ ಜಾಗ ಕಾಯುತ್ತಿದ್ದರೆ ಇಬ್ಬರ ನಡುವಿನ ಸಂದಿಗೆ ಚೆಂಡು ಬಿದ್ದಾಗ 'ನೀನು ಹೋಗು, ನಾನು ಹೋಗ್ತೀನಿ' ಎನ್ನುವ ಗೊಂದಲ ಖಂಡಿತ. ಡ್ಯುರಾಂಡ್ ಪಂದ್ಯಗಳ ವಿಡಿಯೊದಲ್ಲಿ ಕಾರ್ನರ್‌ಗಳನ್ನಷ್ಟೇ ನೋಡಿದರೂ ಎದುರಾಳಿಯ ವಿಧಾನ ಹತ್ತು ನಿಮಿಷದಲ್ಲಿ ತಿಳಿಯುತ್ತದೆ.

ಸೆಪ್ಟೆಂಬರ್, ಅಕ್ಟೋಬರ್ ಬೆಂಗಳೂರಿನ ದೊಡ್ಡ ಮಳೆಯ ತಿಂಗಳುಗಳು ಎನ್ನುವುದನ್ನೂ ಮರೆಯಬಾರದು. ಒದ್ದೆ ಹುಲ್ಲಿನ ಮೇಲೆ ಚೆಂಡು ಪುಟಿಯದೆ ಜಾರುತ್ತದೆ. ಕೀಪರ್ ಹಿಡಿಯುವ ಬದಲು ತಳ್ಳುತ್ತಾನೆ. ಅಂಥ ದಿನ ದೂರದ ಹೊಡೆತಕ್ಕಿಂತ, ತಳ್ಳಿದ ಚೆಂಡಿಗೆ ಮೊದಲು ಓಡುವವನೇ ಬೆಲೆಯುಳ್ಳವನು.

ವಿದೇಶಿಗರ ಲೆಕ್ಕ, ಬದಲಿಗಳ ಲೆಕ್ಕ

2021-22ರಿಂದ ಐಎಸ್‌ಎಲ್ ತಂಡಗಳು ಒಮ್ಮೆಗೆ ನಾಲ್ವರು ವಿದೇಶಿಗರನ್ನಷ್ಟೇ ಕಣಕ್ಕಿಳಿಸುತ್ತ ಬಂದಿವೆ. ಇದರ ಪರಿಣಾಮ ಬೆಂಚಿನ ಮೇಲೆ ಕಾಣುತ್ತದೆ. ನಾಲ್ವರೂ ಆಡುತ್ತಿರುವಾಗ ವಿದೇಶಿ ಸೆಂಟರ್ ಬ್ಯಾಕ್‌ಗೆ ಗಾಯವಾಗಿ, ಬೆಂಚಿನಲ್ಲಿರುವ ವಿದೇಶಿಗರೆಲ್ಲ ಸ್ಟ್ರೈಕರುಗಳೇ ಆದರೆ, ಒಳಬರಬೇಕಾದವನು ಭಾರತೀಯ ಡಿಫೆಂಡರ್. ಅವನು ಯಾರು, ಅವನ ಋತುಪೂರ್ವ ನಿಮಿಷ ಎಷ್ಟು? ಎದುರಾಳಿಯ ಬಗ್ಗೆ ಈ ಒಂದು ಪ್ರಶ್ನೆ ಕೇಳಿದರೆ ಅವರ ಆಳ ತಿಳಿದುಬಿಡುತ್ತದೆ. ಬದಲಿ ಐದು, ಆದರೆ ಅವಕಾಶ ಮೂರೇ ಸಲ. ವಿರಾಮದಲ್ಲಿ ಮಾಡಿದ್ದು ಈ ಮೂರಕ್ಕೆ ಸೇರದು. ಹಾಗಾಗಿ ಜಾಣ ಕೋಚ್ ಮೊದಲ ಪಂದ್ಯದಲ್ಲಿ ವಿರಾಮದಲ್ಲೇ ಒಬ್ಬನನ್ನು ಬದಲಿಸಿ, 60ರ ಸುಮಾರಿಗೆ ಇಬ್ಬರನ್ನು ಒಟ್ಟಿಗೆ ಇಳಿಸುತ್ತಾನೆ.

ಸ್ಕೋರು ಊಹಿಸುವುದಾದರೆ

ಬಾಯಿಗೆ ಬಂದ ಸ್ಕೋರು ಹೇಳುವ ಬದಲು ಸಣ್ಣ ಗಣಿತ ಮಾಡಬಹುದು. ಪ್ರತಿ ಹೊಡೆತ ಗೋಲಾಗುವ ಸಾಧ್ಯತೆಯನ್ನು ಸೊನ್ನೆಯಿಂದ ಒಂದರವರೆಗೆ ಅಳೆಯುವುದನ್ನು ಎಕ್ಸ್‌ಜಿ ಎನ್ನುತ್ತಾರೆ. ಪೆನಾಲ್ಟಿಗೆ ಸುಮಾರು 0.76ರಿಂದ 0.79. ಒಂದು ಪಂದ್ಯದ ಎಲ್ಲ ಹೊಡೆತಗಳನ್ನು ಕೂಡಿದರೆ ತಂಡದ ಎಕ್ಸ್‌ಜಿ. ನಮ್ಮದು 1.0, ಬಲಿಷ್ಠ ಎದುರಾಳಿಯದು 1.6 ಎಂದು ಅಂದಾಜಿಸೋಣ. ಸರಾಸರಿಯಿಂದ ಸಾಧ್ಯತೆ ಲೆಕ್ಕ ಹಾಕುವ ಎಕ್ಸೆಲ್‌ನ ಪಾಯ್ಸನ್ ಸೂತ್ರಕ್ಕೆ ಇವನ್ನು ಕೊಟ್ಟು ಎರಡೂ ತಂಡ 0, 1, 2, 3 ಹೀಗೆ ಒಂದೊಂದು ಸಂಖ್ಯೆಯ ಗೋಲು ಹೊಡೆಯುವ ಸಾಧ್ಯತೆಗಳನ್ನು ತೆಗೆದು, ಒಂದಕ್ಕೊಂದು ಗುಣಿಸಿ ಕೂಡಿದರೆ: ನಮ್ಮ ಗೆಲುವು ಶೇ 24, ಡ್ರಾ ಶೇ 25, ಸೋಲು ಶೇ 51. ಅಂದರೆ 'ಖಂಡಿತ ಸೋಲು' ಅನ್ನಿಸುವ ಪಂದ್ಯದಲ್ಲೂ ಬರಿಗೈಯಲ್ಲಿ ಹೋಗದಿರುವ ಸಾಧ್ಯತೆ ಹೆಚ್ಚುಕಡಿಮೆ ಅರ್ಧ.

ಈಗ ಎದುರಾಳಿಯನ್ನು 1.6ರಿಂದ 1.2ಕ್ಕೆ ಇಳಿಸಿ. ನಾಲ್ಕೈದು ಕಾರ್ನರ್ ಕಡಿಮೆ ಕೊಟ್ಟು, ಪೆಟ್ಟಿಗೆಯೊಳಗಿನ ಎರಡು ಹೊಡೆತ ತಡೆದರೆ ಇಷ್ಟು ಇಳಿಯಬಹುದು. ಗೆಲುವು ಶೇ 30, ಡ್ರಾ ಶೇ 29. ಎದುರಾಳಿಯನ್ನು 1.6ರಲ್ಲೇ ಬಿಟ್ಟು ನಮ್ಮದನ್ನು 1.4ಕ್ಕೆ ಏರಿಸಿದರೆ ಗೆಲುವು ಶೇ 34, ಡ್ರಾ ಶೇ 24. ಗೆಲುವಿಗೆ 3, ಡ್ರಾಗೆ 1 ಅಂಕ ಹಿಡಿದರೆ ಎರಡೂ ದಾರಿಯಲ್ಲಿ ಸರಾಸರಿ ಅಂಕ 1.2ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಹಾಗಾದರೆ ಯಾವುದು ಸುಲಭವೋ ಅದನ್ನು ಆರಿಸಬೇಕು. ಮೊದಲ ಪಂದ್ಯದಲ್ಲಿ ಗೋಲು ಹುಟ್ಟಿಸುವುದಕ್ಕಿಂತ ಗೋಲು ತಡೆಯುವುದನ್ನು ಬೇಗ ಕಲಿಸಬಹುದು ಎಂಬುದೇ ನಮ್ಮ ನಂಬಿಕೆ. 2018ರಲ್ಲೂ 2024ರಲ್ಲೂ 1-0 ಬಂದದ್ದು ಆ ನಂಬಿಕೆಗೆ ಬಲ ಕೊಡುತ್ತದೆ.

ಪಂದ್ಯಕ್ಕೆ ಒಂದು ಗಂಟೆ ಮುಂಚೆ ಹನ್ನೊಂದರ ಪಟ್ಟಿ ಬರುತ್ತದೆ. ಸ್ಟ್ರೈಕರ್ ಯಾರು ಎಂದು ನೋಡುವ ಮುನ್ನ ಎದುರಾಳಿಯ ಸೆಂಟರ್ ಬ್ಯಾಕ್ ಜೋಡಿ ನೋಡಿ, ಅವರಿಬ್ಬರೂ ಒಟ್ಟಿಗೆ ಎಷ್ಟು ಪಂದ್ಯ ಆಡಿದ್ದಾರೆ ಎಂದು ನಿಮ್ಮ ಹಾಳೆಯಲ್ಲಿ ಹುಡುಕಿ. ಆಟ ಶುರುವಾದ ಮೇಲೆ ನಮಗೆ ಸಿಕ್ಕ ಮೊದಲ ಕಾರ್ನರ್‌ನಲ್ಲಿ ಚೆಂಡನ್ನು ಬಿಟ್ಟು ಅವರ ಗೋಲಿನ ಹತ್ತಿರದ ಕಂಬದ ಕಡೆ ಕಣ್ಣಿಡಿ: ಅಲ್ಲಿ ಯಾರೂ ನಿಂತಿಲ್ಲದಿದ್ದರೆ ಎರಡನೆಯ ಕಾರ್ನರ್ ಅಲ್ಲಿಗೇ ಬರಬೇಕು.